ಹನ್ನೊಂದು ಬೆಣೆಕಲ್ಲು

ನಮ್ಮ ಚರ್ಚಿಗೆ ಬರುವವರೆಲ್ಲ ಮೇಲೆ ನೋಡುತ್ತಾರೆ. ಬಾಗಿಲು ದಾಟಿದ್ದೇ ತಡ, ಕತ್ತು ಹಿಂದಕ್ಕೆ ವಾಲುತ್ತದೆ, ಬಾಯಿ ತೆರೆದುಕೊಳ್ಳುತ್ತದೆ. ನೀಲಿ ಚಾವಣಿ, ಅದರಲ್ಲಿ ಬಣ್ಣ ಉದುರಿದ ನಕ್ಷತ್ರಗಳು, ಎರಡೂ ಬದಿಗೆ ಏಳೇಳು ಕಂಬ, ಕಂಬದಿಂದ ಕಂಬಕ್ಕೆ ಕಮಾನು. ಅದನ್ನೆಲ್ಲ ನೋಡಿ "ಆಹಾ" ಅಂದು, ಒಂದು ಫೋಟೋ ಹೊಡೆದು, ಚಪ್ಪಲಿಯ ಕೆಸರನ್ನು ನನಗೆ ಬಿಟ್ಟು ಹೋಗುತ್ತಾರೆ. ನಾನು ಮೂವತ್ತೊಂದು ವರ್ಷದಿಂದ ಈ ಚರ್ಚಿನ ನೆಲ ಗುಡಿಸಿ ಒರೆಸುವವಳು. ಇಷ್ಟು ವರ್ಷದಲ್ಲಿ ಕೆಳಗೆ ನೋಡಿದವರು ಯಾರಾದರೂ ಇದ್ದರೆ, ಅವರ ಕೈಯಿಂದ ಏನಾದರೂ ಬಿದ್ದಿರಬೇಕು, ಅಷ್ಟೇ.

ಚರ್ಚನ್ನು ಹೊಗಳುವವರ ಬಗ್ಗೆ ನನಗೆ ಅಷ್ಟೇನೂ ಗೌರವವಿಲ್ಲ. ರಸ್ತೆಯಿಂದ ನೋಡಿದರೆ ಮುಂಭಾಗ ಮೂರು ಅಂತಸ್ತಿನ ಅರಮನೆ. ಸುರುಳಿ, ಹೂಬಳ್ಳಿ, ನಾಲ್ಕು ಗೂಡು. ನಾಲ್ಕು ಗೂಡಿನಲ್ಲಿ ಮೂವರೇ ಸಂತರು. ನಾಲ್ಕನೆಯವರ ಮೂಗು ಮುರಿದು ರಿಪೇರಿಗೆಂದು ಇಳಿಸಿದ್ದರು, ನನ್ನ ಮದುವೆಗೂ ಮುಂಚೆ. ಇನ್ನೂ ಗಂಟೆಗೋಪುರದ ಕೆಳಗಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದಾರೆ. ಅದೇ ಕಟ್ಟಡವನ್ನು ಪಕ್ಕದ ಓಣಿಯಿಂದ ನೋಡಿ: ಸುಣ್ಣ ಬಳಿದ ಉದ್ದನೆಯ ಉಗ್ರಾಣ. ಒಳಗೆ ಬಲಿಪೀಠದ ಹಿಂದೆ ಚಿನ್ನದ ಬಣ್ಣದ ಮರದ ಕೆತ್ತನೆ ಇದೆಯಲ್ಲ, ದ್ರಾಕ್ಷಿಬಳ್ಳಿ ಸುತ್ತಿದ ಕಂಬಗಳು, ರೆಕ್ಕೆಯ ಮಕ್ಕಳು, ಅದರ ಬೆನ್ನಿಗೆ ಹೋಗಿ ನೋಡಿದರೆ ಬರೀ ಒರಟು ಹಲಗೆ, ಮೊಳೆ, ಬಾವಲಿಯ ಹಿಕ್ಕೆ. ಆ ಹಿಕ್ಕೆಯನ್ನೂ ನಾನೇ ತೆಗೆಯುತ್ತೇನೆ.

ಇನ್ನೊಂದು ವಿಷಯ ಎಲ್ಲರಿಗೂ ಗೊತ್ತು. ನಮ್ಮ ಚರ್ಚು ಸೊಟ್ಟ. ಬಾಗಿಲಲ್ಲಿ ನಿಂತು ನೇರ ನೋಡಿದರೆ ಬಲಿಪೀಠ ಎದುರಿಗೆ ಇರುವುದಿಲ್ಲ, ಬಲಕ್ಕೆ ಸುಮಾರು ಒಂದು ಮೊಳ ಸರಿದಿರುತ್ತದೆ. ಐದನೇ ಕಂಬದವರೆಗೆ ನೆಟ್ಟಗೆ ಹೋದ ಕಟ್ಟಡ ಅಲ್ಲಿಂದ ಬಲಕ್ಕೆ ತಿರುಗಿಕೊಳ್ಳುತ್ತದೆ. ಅದನ್ನು ಸೊಟ್ಟ ಮಾಡಿದ್ದು ನಮ್ಮ ಮನೆಯವರು. ನನ್ನ ಅಪ್ಪನ ಅಜ್ಜ, ಅಂದರೆ ನನ್ನ ಮುತ್ತಜ್ಜ, ಇದರ ಮುಖ್ಯ ಮೇಸ್ತ್ರಿಯಾಗಿದ್ದರು.

ಆ ಕಥೆಯನ್ನು ಅಪ್ಪ ಸಾವಿರ ಸಲ ಹೇಳಿದ್ದಾರೆ. ಈಗಿನ ಚರ್ಚು ಕಟ್ಟುವ ಮೊದಲು ಇದೇ ಜಾಗದಲ್ಲಿ ಒಂದು ಪುಟ್ಟ ಹಳೆಯ ಚರ್ಚು ಇತ್ತು. ಅದನ್ನು ಕೆಡವಿ ಹೊಸದು ಕಟ್ಟೋಣ ಅಂದರೆ ಆಗಿನ ಪಾದ್ರಿ ಒಪ್ಪಲಿಲ್ಲ. ಒಂದೇ ಒಂದು ಭಾನುವಾರವೂ ಬಲಿಪೂಜೆ ನಿಲ್ಲಬಾರದು, ಅದೂ ಬಯಲಲ್ಲಿ ನಡೆಯಬಾರದು. ಹಾಗಾಗಿ ಹಳೆಯ ಚರ್ಚನ್ನು ಒಳಗೆ ಇಟ್ಟುಕೊಂಡೇ ಅದರ ಸುತ್ತ ಹೊಸ ಗೋಡೆ ಎಬ್ಬಿಸಿದರು. ಬಾಗಿಲ ಕಡೆಯಿಂದ ಒಂದು ತಂಡ, ಪೀಠದ ಕಡೆಯಿಂದ ಇನ್ನೊಂದು. ನಡುವೆ ಹಳೆಯ ಚರ್ಚು ಅಡ್ಡ ನಿಂತಿದ್ದರಿಂದ ಈ ತುದಿಯಿಂದ ಆ ತುದಿಗೆ ದಾರ ಎಳೆಯುವ ಹಾಗಿರಲಿಲ್ಲ. ಮುತ್ತಜ್ಜ ಹೊರಗಿನಿಂದ ಸುತ್ತಿಬಳಸಿ ಅಳತೆ ಹಿಡಿದರು. ಐದು ವರ್ಷ ಕಟ್ಟಿ, ಮೇಲೆ ಚಾವಣಿ ಮುಚ್ಚಿ, ಒಳಗಿನ ಹಳೆಯ ಚರ್ಚನ್ನು ಬಿಚ್ಚಿ ಒಂದೊಂದೇ ಕಲ್ಲು ಹೊಸ ಬಾಗಿಲಿನಿಂದ ಹೊರಗೆ ಹೊತ್ತು ಹಾಕಿದ ದಿನ ಮುತ್ತಜ್ಜ ಬಾಗಿಲಲ್ಲಿ ನಿಂತು ಒಳಗೆ ನೋಡಿದರಂತೆ. ನೋಡಿ ಅಲ್ಲೇ ಕುಕ್ಕರಿಸಿದರಂತೆ.

ಗೋಡೆ ತಿದ್ದುವ ಹಾಗಿರಲಿಲ್ಲ. ನೆಲ ಹಾಸುವಾಗ ಮುತ್ತಜ್ಜ ತಮ್ಮ ಕೈಲಾದದ್ದು ಮಾಡಿದರು. ಐದನೇ ಕಂಬದ ಹತ್ತಿರ, ನೆಟ್ಟಗಿನ ನೆಲವೂ ತಿರುಗಿದ ನೆಲವೂ ಸೇರುವಲ್ಲಿ, ಎಡಗೋಡೆಯಿಂದ ಬಲಗೋಡೆಗೆ ಒಂದು ಸಾಲು ಬೆಣೆಕಲ್ಲು ಕೂರಿಸಿದರು. ಹನ್ನೊಂದು ಕಲ್ಲು. ಎಡತುದಿಯದ್ದು ಒಂದು ಗೇಣು ಅಗಲ. ಅಲ್ಲಿಂದ ಒಂದಕ್ಕಿಂತ ಒಂದು ಸಣ್ಣದಾಗುತ್ತ ಬಂದು ಬಲತುದಿಯದ್ದು ಉಗುರಿನಷ್ಟೇ ಅಗಲ. ಆ ಉಗುರಗಲದ ಕಲ್ಲನ್ನು ಮುರಿಯದೆ ಹೇಗೆ ಕಡಿದರೋ ಅವರಿಗೇ ಗೊತ್ತು. ದಿನಾ ಒರೆಸುವ ನನಗೇ ಸಂದು ಸರಿಯಾಗಿ ಕೈಗೆ ಸಿಗುವುದಿಲ್ಲ.

ಊರಿಗೆ ಮಾತ್ರ ಸೊಟ್ಟ ಸಿಕ್ಕಿತು. ಮುತ್ತಜ್ಜ ಸೊಟ್ಟಮೇಸ್ತ್ರಿಯಾದರು. ಅಜ್ಜ ಸೊಟ್ಟನ ಮಗ. ಅಪ್ಪ ಐವತ್ತು ವರ್ಷ ಗಾರೆ ಕೆಲಸ ಮಾಡಿ ಊರಿನ ಅರ್ಧ ಮನೆಗಳ ಗೋಡೆ ನೆಟ್ಟಗೆ ನಿಲ್ಲಿಸಿದರೂ ಸೊಟ್ಟಪ್ಪನೇ. ನಾನು ಶಾಲೆಯಲ್ಲಿ ಸೊಟ್ಟಿ. ನನ್ನ ತಮ್ಮನನ್ನು ಹಾಗೆ ಕರೆದ ಒಬ್ಬನ ಹಲ್ಲು ಉದುರಿತ್ತು.

ಈಗ ಚರ್ಚಿಗೆ ನೂರಿಪ್ಪತ್ತೈದು ವರ್ಷ ತುಂಬಿತು. ತುಂಬಿದ್ದು ಚರ್ಚಿಗೆ, ಉಬ್ಬಿದ್ದು ಪ್ರೊಫೆಸರು. ಪ್ರೊಫೆಸರು ಅಂದರೆ ನಮ್ಮ ಧರ್ಮಕೇಂದ್ರದ ಸಮಿತಿಯ ಹಿರಿಯರು. ಯಾವ ಕಾಲೇಜಿನಲ್ಲಿ ಯಾವ ಪಾಠ ಹೇಳಿದರೋ ಯಾರೂ ಕೇಳಿಲ್ಲ, ಕೇಳಿದರೆ ಉತ್ತರ ಒಂದು ಗಂಟೆಗೆ ಕಡಿಮೆ ಮುಗಿಯುವುದಿಲ್ಲ ಎಂಬ ಭಯ. ಅವರು ಚರ್ಚಿನ ಇತಿಹಾಸ ಬರೆದರು. ಹೊಳೆಯುವ ಕಾಗದ, ಮುಖಪುಟದ ಮೇಲೆ ಚರ್ಚು, ಹಿಂಪುಟದ ಮೇಲೆ ಅವರು. ಅದರಲ್ಲಿ ಹೀಗಿದೆ: ಈ ಚರ್ಚಿನ ನಕ್ಷೆ ಬರೆದದ್ದು ಕಡಲಾಚೆಯ ಒಬ್ಬ ಮಹಾನ್ ಗುರು. ಶಿಲುಬೆಯ ಮೇಲೆ ಪ್ರಾಣ ಬಿಡುವಾಗ ಪ್ರಭು ತಲೆ ವಾಲಿಸಿದರಲ್ಲ, ಅದನ್ನು ನೆನಪಿಸಲೆಂದೇ ಆತ ಬೇಕೆಂದೇ ಬಲಿಪೀಠವನ್ನು ಒಂದು ಬದಿಗೆ ವಾಲಿಸಿದ. ಆ ನಕ್ಷೆ ಎಲ್ಲಿ ಅಂದರೆ, ಅದನ್ನು ಹೊತ್ತ ಹಡಗು ಮುಳುಗಿತು.

ಪುಸ್ತಕ ಬಿಡುಗಡೆಯ ದಿನ ಪ್ರೊಫೆಸರು ತಲೆ ಬಾಗಿಸಿ ತೋರಿಸಿಕೊಟ್ಟರು. ಹೆಂಗಸರು ಕಣ್ಣು ಒರೆಸಿಕೊಂಡರು. ನಿನ್ನೆಯವರೆಗೆ ಸೊಟ್ಟ ಚರ್ಚು ಅಂತ ಹಲ್ಲು ಕಿಸಿಯುತ್ತಿದ್ದವರೇ ಅಂದು ಶಿಲುಬೆ ಗುರುತು ಹಾಕಿಕೊಂಡರು. ನಾನು ಹಿಂದೆ ಪೊರಕೆ ಹಿಡಿದು ನಿಂತಿದ್ದೆ. ಪೀಠದ ಮೇಲಿನ ದೊಡ್ಡ ಶಿಲುಬೆಯ ಧೂಳನ್ನು ಪ್ರತಿ ಶನಿವಾರ ಏಣಿ ಹತ್ತಿ ಒರೆಸುವವಳು ನಾನು. ಅದರಲ್ಲಿ ಪ್ರಭುವಿನ ತಲೆ ನೋಡುವವರ ಎಡಕ್ಕೆ ವಾಲಿದೆ. ಚರ್ಚು ವಾಲಿರುವುದು ಬಲಕ್ಕೆ. ಸುಮ್ಮನಿರಲಾರದೆ ಕೇಳಿಯೇಬಿಟ್ಟೆ.

ಪ್ರೊಫೆಸರು ಒಂದು ಕ್ಷಣ ಪೀಠದ ಕಡೆ ನೋಡಿದರು. ಆಮೇಲೆ ಕನಿಕರದಿಂದ ನಕ್ಕು, "ಅದನ್ನ ಹಿಂದಿನಿಂದ ನೋಡ್ಬೇಕಮ್ಮ" ಅಂದರು.

ಹಿಂದಿನಿಂದ ನೋಡುವುದು ಬಾವಲಿಗಳು ಮಾತ್ರ. ಆದರೂ ಜನ ಚಪ್ಪಾಳೆ ತಟ್ಟಿದರು.

ನನ್ನ ತಮ್ಮನೂ ತಟ್ಟಿದ. ಅವನು ಟೈಲ್ಸ್ ಹಾಸುವ ಗುತ್ತಿಗೆದಾರ, ಎಂಟು ಜನ ಕೆಲಸದವರು, ಶರ್ಟಿನ ಜೇಬಿನಲ್ಲಿ ಎರಡು ಫೋನು. ಮನೆಗೆ ಬಂದವನೇ ಪುಸ್ತಕವನ್ನು ಅಪ್ಪನ ಮಡಿಲಲ್ಲಿ ಇಟ್ಟ. ಅಪ್ಪನಿಗೆ ಎಂಬತ್ತಾರು, ಕಣ್ಣು ಮಂಜು. ಓದಿ ಹೇಳಿದ್ದೂ ಅವನೇ.

"ಕೇಳಿದ್ಯಾ ಅಪ್ಪ? ಸೊಟ್ಟ ಅಲ್ವಂತೆ. ಬೇಕಂತಲೇ ಮಾಡಿದ್ದಂತೆ. ಇನ್ನು ಯಾವ ನನ್ಮಗನೂ ನಮ್ಮನ್ನ ಸೊಟ್ಟ ಅನ್ನೋ ಹಾಗಿಲ್ಲ."

ಅಪ್ಪ ಪುಸ್ತಕವನ್ನು ಮಡಿಲಿನಿಂದ ತೆಗೆದು ನೆಲದ ಮೇಲಿಟ್ಟರು. "ಅಜ್ಜನ ಹೆಸರು ಎಲ್ಲಿದೆ ಅದ್ರಲ್ಲಿ?"

"ಮೇಸ್ತ್ರಿ ಹೆಸರು ಯಾಕೆ ಹಾಕ್ತಾರಪ್ಪ?"

"ಹಾಕಲ್ಲ ಅಂತ ನಂಗೂ ಗೊತ್ತು. ಇಲ್ಲೀವರೆಗೂ ಸೊಟ್ಟ ಅಂದಾಗಲಾದ್ರೂ ಅಜ್ಜ ಕಟ್ಟಿದ್ದು ಅಂತಿದ್ರು. ಇವನು ಅದನ್ನೂ ಕಿತ್ಕೊಂಡು ಹಡಗಲ್ಲಿ ಹಾಕಿ ಮುಳುಗಿಸಿದ್ನಲ್ಲೋ! ತಪ್ಪು ನಮ್ದು ಕಣೋ. ಆ ತಪ್ಪು ನಮ್ದಲ್ಲ ಅಂದ್ಮೇಲೆ ಆ ಚರ್ಚೂ ನಮ್ದಲ್ಲ."

ತಮ್ಮ ನನ್ನ ಮುಖ ನೋಡಿದ, ಮುದುಕರಿಗೆ ಅರಳುಮರಳು ಅನ್ನುವ ಹಾಗೆ. ನಾನು ಅವನ ಮುಖ ನೋಡಲಿಲ್ಲ. ಎರಡು ಫೋನಿನ ಮನುಷ್ಯನ ತಲೆಗೆ ಅರ್ಥವಾಗುವ ಮಾತಲ್ಲ ಅದು ಅಂದುಕೊಂಡೆ.

ಅಷ್ಟಕ್ಕೇ ಮುಗಿಯಲಿಲ್ಲ. ವರ್ಷಾಚರಣೆಗೆ ಬಿಷಪ್ ಬರುತ್ತಾರೆ, ಕಲ್ಲು ನೆಲ ಹಳೆಯದಾಯಿತು, ಕಿತ್ತು ಹೊಳೆಯುವ ಟೈಲ್ಸ್ ಹಾಕೋಣ ಎಂದು ಸಮಿತಿ ತೀರ್ಮಾನಿಸಿತು. ನೂರಿಪ್ಪತ್ತೈದು ವರ್ಷ ಜನರ ಮೊಣಕಾಲು ಸವೆಸಿ ನುಣುಪು ಮಾಡಿದ ಕಲ್ಲು ಅವರಿಗೆ ಹಳೆಯದಾಗಿ ಕಂಡಿತು, ಆಸ್ಪತ್ರೆಯ ಕಾರಿಡಾರಿನ ಟೈಲ್ಸ್ ದೈವಿಕವಾಗಿ ಕಂಡಿತು. ಕೆಲಸ ಸಿಕ್ಕಿದ್ದು ನನ್ನ ತಮ್ಮನಿಗೆ.

ಅಪ್ಪ ಅವನನ್ನು ಕೇಳಿದ್ದು ಒಂದೇ. "ಏನಾದ್ರೂ ಹಾಕ್ಕೋ. ಆ ಹನ್ನೊಂದು ಕಲ್ಲು ಮಾತ್ರ ಕೀಳಬೇಡ."

"ಹೊಸ ನೆಲದ ಮಧ್ಯೆ ಆ ಹಳೇ ಪಟ್ಟಿ ಇಟ್ಕೊಂಡು ನಾನು ಏನ್ ಮಾಡ್ಲಿ? ಸಮಿತಿ ಒಪ್ಪಬೇಕಲ್ಲ."

ಸಮಿತಿಯನ್ನು ಒಪ್ಪಿಸುತ್ತೇನೆ ಎಂದು ಅಪ್ಪ ಹೊರಟರು. ಒಂದು ಕೈಗೆ ಕೋಲು, ಇನ್ನೊಂದು ಕೈಗೆ ನನ್ನ ಭುಜ. ಈಗಿನ ಫಾದರ್ ಒಳ್ಳೆಯ ಹುಡುಗ, ಗುರುದೀಕ್ಷೆ ಪಡೆದು ಮೂರು ವರ್ಷವಾಗಿಲ್ಲ, ಯಾವ ಪ್ರಶ್ನೆಗೂ "ನೋಡೋಣ" ಎಂಬ ಒಂದೇ ಉತ್ತರ ಇಟ್ಟುಕೊಂಡಿದ್ದಾರೆ. ಅವರು ಪ್ರೊಫೆಸರನ್ನು ಕರೆಸಿದರು. ಅಪ್ಪ ಐದನೇ ಕಂಬದ ಹತ್ತಿರ ಬಗ್ಗಿ, ಕೈಯಾಡಿಸಿ, ಕಲ್ಲುಗಳನ್ನು ಒಂದೊಂದಾಗಿ ತೋರಿಸಿದರು.

"ನಾನು ಆರು ವರ್ಷದವನಿದ್ದಾಗ ಅಜ್ಜ ನನ್ನ ಕೈ ಹಿಡಿದು ಇಲ್ಲಿ ಮುಟ್ಟಿಸಿದ್ರು. ಇಲ್ಲಿ ತಪ್ಪಿದೆ, ಇಲ್ಲಿ ಮುಚ್ಚಿದೆ ಅಂತ ಅವರ ಬಾಯಲ್ಲೇ ಹೇಳಿದ್ರು. ಬೇಕಂತ ವಾಲಿಸಿದ್ರೆ ಮುಚ್ಚೋ ಕೆಲಸ ಯಾಕೆ ಬರ್ತಿತ್ತು, ಹೇಳಿ ಸ್ವಾಮಿ?"

ಪ್ರೊಫೆಸರಿಗೆ ಈ ಸಾಲು ಇರುವುದೇ ಗೊತ್ತಿರಲಿಲ್ಲ. ಅದು ಅವರ ಮುಖದಲ್ಲೇ ಕಂಡಿತು. ಇನ್ನೂರು ಪುಟ ಬರೆದ ಮನುಷ್ಯ ನೆಲ ನೋಡಿರಲಿಲ್ಲ. ಆದರೆ ಒಪ್ಪಿಕೊಂಡರೆ ಪ್ರೊಫೆಸರು ಹೇಗಾದಾರು? ಕನ್ನಡಕ ಸರಿ ಮಾಡಿಕೊಂಡು, "ಇದು ಆಮೇಲೆ ಯಾರೋ ಸ್ಥಳೀಯ ಕೂಲಿಗಳು ಮಾಡಿದ ತೇಪೆ. ಮೂಲ ನಕ್ಷೆಯ ಘನತೆಗೆ ತಕ್ಕದ್ದಲ್ಲ. ಅಜ್ಜನ ಬಗ್ಗೆ ಏನಾದ್ರೂ ದಾಖಲೆ ಇದೆಯಾ ನಿಮ್ಮ ಹತ್ರ?" ಅಂದರು.

ಅಪ್ಪ ಕೋಲಿನಿಂದ ನೆಲ ಕುಟ್ಟಿದರು. "ಇದೇ ದಾಖಲೆ!"

"ನೋಡೋಣ" ಅಂದರು ಫಾದರ್.

ಮರುವಾರವೇ ಕಲ್ಲು ಕಿತ್ತರು. ತಮ್ಮನ ಕೆಲಸದವರು ಹಾರೆ ಹಾಕಿ ಮೀಟಿದಾಗ ಉಗುರಗಲದ ಆ ಕೊನೆಯ ಕಲ್ಲು ಬಿಸ್ಕತ್ತಿನ ಹಾಗೆ ನಾಲ್ಕು ತುಂಡಾಯಿತು. ಎಲ್ಲವೂ ಲಾರಿ ಸೇರಿತು. ಸಂಜೆ ಅಪ್ಪ ಕೇಳಿದರು, "ಇದೆಯಾ?" ನಾನು "ಇಲ್ಲ" ಅಂದೆ. ಅವರು ಗೋಡೆ ಕಡೆ ತಿರುಗಿ ಮಲಗಿದರು. ನನಗೆ ತಮ್ಮನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಒಂದೇ ತಾಯಿಯ ಹಾಲು ಕುಡಿದವನು ಎಂದು ನೆನೆದರೆ ನಾಚಿಕೆಯಾಯಿತು.

ಟೈಲ್ಸ್ ಕೆಲಸ ಶುರುವಾಯಿತು. ಬಲಿಪೂಜೆ ನಿಲ್ಲಬಾರದು ಎಂಬ ಮಾತು ಈಗಲೂ ಬಂತು. ದಿನಾ ಬೆಳಿಗ್ಗೆ ಪೂಜೆ ನಡೆಯಲೇಬೇಕು. ಹಾಗಾಗಿ ಚರ್ಚಿನ ನಡುಭಾಗವನ್ನು ಹಾಗೇ ಬಿಟ್ಟು, ಅಲ್ಲಿ ಒಂದು ಮೇಜನ್ನೇ ಪೀಠ ಮಾಡಿ, ಬೆಂಚುಗಳನ್ನು ಒತ್ತೊತ್ತಾಗಿ ಜೋಡಿಸಿ, ಧೂಳು ಬಾರದಂತೆ ಎರಡೂ ಕಡೆ ಮೇಲಿನಿಂದ ಕೆಳಗಿನವರೆಗೆ ದಪ್ಪ ನೀಲಿ ಟಾರ್ಪಾಲು ಇಳಿಬಿಟ್ಟರು. ಬಾಗಿಲ ಕಡೆಯಿಂದ ನಾಲ್ಕು ಜನ, ಪೀಠದ ಕಡೆಯಿಂದ ನಾಲ್ಕು ಜನ ಹಾಸುತ್ತ ಬಂದರು. ನಡುಭಾಗ ಕೊನೆಗೆ. ತಮ್ಮನ ಹತ್ತಿರ ಕೆಂಪು ಬೆಳಕಿನ ಗೆರೆ ಬಿಡುವ ಯಂತ್ರವಿತ್ತು. ಅದನ್ನು ಎಲ್ಲರಿಗೂ ತೋರಿಸುತ್ತಿದ್ದ. ಆದರೆ ಟಾರ್ಪಾಲನ್ನು ತೂರಿಕೊಂಡು ಹೋಗುವ ಬೆಳಕು ಇನ್ನೂ ಹುಟ್ಟಿಲ್ಲ. ಬಾಗಿಲ ಕಡೆಯವರು ಬಾಗಿಲ ಗೋಡೆಗೆ ಸರಿಯಾಗಿ ಗೆರೆ ಹಿಡಿದರು. ಪೀಠದ ಕಡೆಯವರು ಪೀಠದ ಮೆಟ್ಟಿಲಿಗೆ ಸರಿಯಾಗಿ ಹಿಡಿದರು.

ತಮ್ಮನಿಗೆ ಚರ್ಚು ಸೊಟ್ಟ ಎಂದು ಗೊತ್ತಿಲ್ಲವೇ? ಗೊತ್ತು. ಆದರೆ ಎಲ್ಲಿಂದ ಸೊಟ್ಟ ಎಂದು ಅವನು ಪ್ರೊಫೆಸರ ಪುಸ್ತಕದಲ್ಲಿ ನೋಡಿದ್ದ. ಪುಸ್ತಕದ ಚಿತ್ರದಲ್ಲಿ ವಾಲುವುದು ಮೆಟ್ಟಿಲಿನ ಮೇಲಿನ ಭಾಗ ಮಾತ್ರ, ಪ್ರಭುವಿನ ತಲೆಯಷ್ಟೇ ವಾಲಬೇಕು, ಭುಜ ವಾಲುವಂತಿಲ್ಲ. ಮೆಟ್ಟಿಲು ನೆಟ್ಟಗಿದೆ ಎಂದು ನಂಬಿದ. ನಿಜವಾಗಿ ಎಲ್ಲಿಂದ ಎಂದು ಹೇಳುವ ಹನ್ನೊಂದು ಕಲ್ಲನ್ನು ಅವನೇ ಕಿತ್ತು ಲಾರಿಗೆ ಹಾಕಿದ್ದ.

ನಾನು ಟಾರ್ಪಾಲಿನ ಎರಡೂ ಕಡೆ ಗುಡಿಸುವವಳು. ಎರಡನೇ ದಿನ ಬಾಗಿಲ ಕಡೆ ಗುಡಿಸುವಾಗ ನಡುಗೆರೆಯ ಜಾಡು ಹಿಡಿದು ನೋಡಿದೆ. ಅದು ಹೋಗಿ ಸೇರುವ ಜಾಗಕ್ಕೆ ಟಾರ್ಪಾಲಿನ ಮೇಲೆ, ಎರಡೂ ಕಂಬಸಾಲಿನ ನಟ್ಟನಡುವೆ, ಒಂದು ಹೊಲಿಗೆ ಗುರುತಿತ್ತು. ಪೀಠದ ಕಡೆ ಹೋಗಿ ನೋಡಿದರೆ ಅಲ್ಲಿನ ನಡುಗೆರೆ ಎಡಗೋಡೆಯ ಕಡೆಯ ಕಂಬಗಳತ್ತ ಸರಿಯುತ್ತ ಸೊಟ್ಟಗೆ ಹೊರಟಿತ್ತು. ಎರಡೂ ಸೇರುವುದಿಲ್ಲ ಎಂದು ತಿಳಿಯಲು ನನಗೆ ಯಂತ್ರ ಬೇಕಾಗಲಿಲ್ಲ.

ಹೇಳಲು ಹೋದೆ. ದೇವರಾಣೆ, ಹೋದೆ. ಅವನು ಫೋನಿನಲ್ಲಿದ್ದ. "ಲೋ, ಆ ಗೆರೆ..." ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ, ಕೆಲಸದವರೆಲ್ಲರ ಎದುರಿಗೆ, "ಅಕ್ಕ, ನೀನು ನಿನ್ನ ಪೊರಕೆ ನೋಡ್ಕೋ" ಅಂದ. ಅವರು ನಕ್ಕರು.

ನೋಡಿಕೊಂಡೆ. ಹದಿನಾಲ್ಕು ದಿನ ನನ್ನ ಪೊರಕೆ ನೋಡಿಕೊಂಡೆ. ಅವನು ದಿನಕ್ಕೆ ಐದೈದು ಸಾಲು ಹಾಸುತ್ತ ಹೋಗುವುದನ್ನು ನೋಡುವಾಗ ಒಳಗೊಳಗೇ ತಣ್ಣಗೆ ಒಂದು ಸುಖವಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಬಿಷಪ್ ಬರುವ ಮುಂಚಿನ ಶುಕ್ರವಾರ ಮಧ್ಯಾಹ್ನ ಟಾರ್ಪಾಲು ತೆಗೆದು ನಡುಭಾಗ ಹಾಸಿ ಸೇರಿಸಲು ಹೋದರು. ಸೇರಲಿಲ್ಲ. ಎಡಗೋಡೆಯ ಹತ್ತಿರ ಒಂದು ಗೇಣು ಬಾಯಿ ಬಿಟ್ಟುಕೊಂಡು, ಬಲಗೋಡೆಯ ಹತ್ತಿರ ಮುಚ್ಚಿಕೊಂಡು ಒಂದು ಉದ್ದನೆಯ ಸಂದು ಉಳಿಯಿತು. ತಮ್ಮ ನೋಡಿದ. ಮತ್ತೆ ಅಳೆದ. ಯಂತ್ರ ಇಟ್ಟ, ತೆಗೆದ, ಇಟ್ಟ. ಕೊನೆಗೆ ಹೊಸ ನೆಲದ ಮೇಲೆ ಕುಕ್ಕರಿಸಿದ. ಕೆಲಸದವರಲ್ಲಿ ಒಬ್ಬ ಮೆಲ್ಲಗೆ "ಸೊಟ್ಟ" ಅಂದ. ಈ ಸಲ ಯಾರ ಹಲ್ಲೂ ಉದುರಲಿಲ್ಲ. ತಮ್ಮ ಕೂತಲ್ಲಿಂದ ಏಳಲಿಲ್ಲ.

ಶನಿವಾರ ಬೆಳಗಿನಿಂದ ಸಂಜೆಯವರೆಗೆ ಅವನೇ ಕೂತು ಟೈಲ್ಸುಗಳನ್ನು ಬೆಣೆಯಾಗಿ ಕತ್ತರಿಸಿದ. ಬೇರೆ ಯಾರ ಕೈಗೂ ಕೊಡಲಿಲ್ಲ. ಎಷ್ಟು ನಾಜೂಕಾಗಿ ಕೂರಿಸಿದರೂ ಪ್ರಯೋಜನವಾಗಲಿಲ್ಲ. ಕಲ್ಲು ಮುಚ್ಚಿಟ್ಟದ್ದನ್ನು ಆ ಹಾಳು ಟೈಲ್ಸು ಕನ್ನಡಿಯ ಹಾಗೆ ತೋರಿಸಿತು.

ಭಾನುವಾರ, ಮೊದಲ ಸಲ, ಚರ್ಚಿಗೆ ಬಂದವರೆಲ್ಲ ಕೆಳಗೆ ನೋಡಿದರು. ಬಿಷಪ್ ಕೂಡ ಮೆರವಣಿಗೆಯಲ್ಲಿ ನಡೆದು ಬರುತ್ತ ಅಲ್ಲಿ ತುಸು ತಡವರಿಸಿ ನಿಂತರು. ಪೂಜೆ ಮುಗಿದ ಮೇಲೆ ಕೇಳಿಯೂ ಕೇಳಿದರು, "ಇದೇನು ಹೀಗೆ?" ಫಾದರ್ ಬಾಯಿಗೆ "ನೋಡೋಣ" ಕೂಡ ಬರಲಿಲ್ಲ. ಪ್ರೊಫೆಸರು ಮುಂದೆ ಬಂದರು. ನಾಚಿಕೆ ಎಂಬುದನ್ನು ಆ ಮನುಷ್ಯ ಹಡಗಿನ ಜೊತೆಗೇ ಮುಳುಗಿಸಿರಬೇಕು.

"ಮೂಲ ಕಲ್ಪನೆಯ ಮುಂದುವರಿಕೆ, ಮಹಾಸ್ವಾಮಿಗಳೇ. ತಲೆ ವಾಲಿದ ಜಾಗವನ್ನು ನೆಲದಲ್ಲೂ ಗುರುತಿಸಿದ್ದೇವೆ. ಇವರೇ ನಮ್ಮ ಗುತ್ತಿಗೆದಾರರು, ಬಹಳ ಯೋಚನೆ ಮಾಡಿ ಮಾಡಿದ್ದಾರೆ."

ಬಿಷಪ್ ತಮ್ಮನ ಕೈ ಕುಲುಕಿದರು. ತಮ್ಮ ತಲೆ ಆಡಿಸಿದ. ಹೌದು ಎನ್ನುವ ಹಾಗೆ ಆಡಿಸಿದ! ನನಗೆ ಅಲ್ಲೇ ಉಗಿಯಬೇಕು ಅನ್ನಿಸಿತು, ಆಮೇಲೆ ಒರೆಸಬೇಕಾದವಳು ನಾನೇ ಎಂದು ಸುಮ್ಮನಾದೆ.

ಜನ ಊಟದ ಪೆಂಡಾಲಿಗೆ ಹೋದ ಮೇಲೆ ಅಪ್ಪನನ್ನು ಕರೆತಂದೆ. ಅವರೇ ಬರುತ್ತೇನೆ ಅಂದಿದ್ದರು, ಜನರ ಬಾಯಿಂದ ಸುದ್ದಿ ಮನೆ ಮುಟ್ಟಿತ್ತು. ಒಳಗೆ ಫಾದರ್, ಪ್ರೊಫೆಸರು, ತಮ್ಮ ಮೂವರೇ ಇದ್ದರು. ಅಪ್ಪ ಐದನೇ ಕಂಬದವರೆಗೆ ಕಂಬ ಎಣಿಸುತ್ತ ಹೋದರು, ಅಲ್ಲಿ ಏನೂ ಸಿಗಲಿಲ್ಲ. ನಾನು ಅವರನ್ನು ಹಿಂದಕ್ಕೆ, ನಡುಭಾಗಕ್ಕೆ ಕರೆದುಕೊಂಡು ಬಂದೆ. ಮೊಣಕಾಲೂರಿ ಕೂತರು. ಎಡಗೋಡೆಯಿಂದ ಶುರುಮಾಡಿ ಒಂದೊಂದೇ ತುಂಡು ತಡವುತ್ತ, ಅಂಬೆಗಾಲಿನಲ್ಲಿ ಬಲಗೋಡೆಯವರೆಗೆ ಹೋದರು. ಕೊನೆಯ ತುಂಡಿನ ಮೇಲೆ ಬೆರಳು ನಿಂತಿತು.

"ಇದನ್ನ ಯಾರು ಕತ್ತರಿಸಿದ್ದು?"

"ನಾನೇ" ಅಂದ ತಮ್ಮ.

"ಬೇಕಂತ ಮಾಡಿದ್ಯಾ?"

ಪ್ರೊಫೆಸರು ಕೆಮ್ಮಿದರು. "ಅದು ಹಾಗಲ್ಲ ಯಜಮಾನ್ರೇ, ಇದು ಒಂದು..."

"ನಿಮ್ಮನ್ನ ಕೇಳಿಲ್ಲ" ಅಂದರು ಅಪ್ಪ. "ಲೋ, ಬೇಕಂತ ಮಾಡಿದ್ಯೇನೋ?"

ತಮ್ಮ ಪ್ರೊಫೆಸರ ಮುಖ ನೋಡಿದ, ಫಾದರ್ ಮುಖ ನೋಡಿದ. ಬಿಷಪ್ ಕುಲುಕಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಇವನು ಹೌದು ಅನ್ನುತ್ತಾನೆ ಎಂದು ನಾನು ಪಂಥ ಕಟ್ಟುತ್ತಿದ್ದೆ. ಅವನು ಅಪ್ಪನ ಪಕ್ಕದಲ್ಲಿ ನೆಲದ ಮೇಲೆ ಕೂತ.

"ಇಲ್ಲಪ್ಪ. ತಪ್ಪಾಯ್ತು. ಮಧ್ಯೆ ಪೂಜೆ ನಡೀತಿತ್ತು, ನೋಡೋಕೆ ಆಗ್ತಿರಲಿಲ್ಲ. ಎರಡೂ ಕಡೆಯಿಂದ ಬಂದೆ. ಸೇರಲಿಲ್ಲ."

ಅಪ್ಪನ ಮುಖ ಅಷ್ಟು ಅರಳಿದ್ದನ್ನು ನಾನು ಅಮ್ಮ ಹೋದ ಮೇಲೆ ನೋಡಿರಲಿಲ್ಲ. ತಡಕಾಡಿ ಮಗನ ತಲೆ ಹುಡುಕಿ ಅದರ ಮೇಲೆ ಕೈಯಿಟ್ಟರು. "ಅಜ್ಜಂದೂ ಹೀಗೇ ಆಗಿದ್ದು ಕಣೋ. ಥೇಟ್ ಹೀಗೇ." ಆಮೇಲೆ ಫಾದರ್, ಪ್ರೊಫೆಸರು ಇದ್ದ ಕಡೆ ಮುಖ ಎತ್ತಿ, "ಕೇಳಿಸ್ತಾ ಸ್ವಾಮಿ? ದಾಖಲೆ ಬೇಕು ಅಂದ್ರಲ್ಲ. ಇದು ನನ್ನ ಮಗ ಮಾಡಿದ ತಪ್ಪು, ಅದು ನನ್ನ ಅಜ್ಜ ಮಾಡಿದ್ದು. ಬರ್ಕೊಳ್ಳಿ" ಅಂದರು.

ಪ್ರೊಫೆಸರಿಗೆ ಊಟದ ನೆನಪಾಯಿತು, ಹೊರಟುಹೋದರು. ಫಾದರ್ ಮಾತ್ರ ಹೋಗಲಿಲ್ಲ. ಜೇಬಿನಿಂದ ಪೆನ್ನು ತೆಗೆದು, "ಅಜ್ಜನ ಹೆಸರು ಹೇಳಿ" ಅಂದರು. ಅಪ್ಪ ಹೇಳಿದರು. ಆ ಹುಡುಗನಿಂದ ನಾನು ಅಷ್ಟನ್ನು ನಿರೀಕ್ಷಿಸಿರಲಿಲ್ಲ.

ಅಪ್ಪನನ್ನು ಎಬ್ಬಿಸಲು ನಾನು ಕೈ ಕೊಟ್ಟೆ. ಅವರು ಹಿಡಿದುಕೊಂಡು ಅರ್ಧ ಎದ್ದವರು ಅಲ್ಲೇ ನಿಂತರು.

"ಅಲ್ಲಮ್ಮ, ನೀನು ಎರಡೂ ಕಡೆ ಗುಡಿಸ್ತಿದ್ದೆಯಲ್ಲ. ನಿಂಗೆ ಕಾಣಲಿಲ್ವಾ?"

ಇಲ್ಲ ಅನ್ನಬಹುದಿತ್ತು. ಅಂದರೆ ನಂಬುತ್ತಿದ್ದರು.

"ಕಾಣ್ತು" ಅಂದೆ. "ಎರಡನೇ ದಿನವೇ ಕಾಣ್ತು."

ತಮ್ಮ ನನ್ನನ್ನು ನೋಡಿದ. ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡುತ್ತಿದ್ದೆ, ನನ್ನ ಹತ್ತಿರ ಉತ್ತರ ಸಿದ್ಧವಿತ್ತು. ಅಪ್ಪ ನನ್ನ ಕೈ ಬಿಟ್ಟರು. ಇನ್ನೊಂದು ಬದಿಗೆ ಕೈ ಚಾಚಿ ಮಗನ ಭುಜ ಹುಡುಕಿ ಹಿಡಿದುಕೊಂಡರು. ಇಬ್ಬರೂ ಬಾಗಿಲ ಕಡೆ ನಿಧಾನವಾಗಿ ನಡೆದು ಹೋದರು, ಕೋಲು ಅಲ್ಲೇ ನನ್ನ ಕಾಲ ಹತ್ತಿರ ಬಿದ್ದಿತ್ತು.